ಇ.ಸಿ.ಟಿ. ಚಿಕಿತ್ಸೆಗೆ ವಿಮೆಯ ಹಣ ಸಿಗುತ್ತದೆಯೇ?

ಹಳ್ಳಿಗಳಲ್ಲಿ "ಕರೆಂಟು ಕೊಡುವುದು", "ಶಾಕ್" ಎಂದು ಹೇಳುವ ಚಿಕಿತ್ಸೆಗೆ ವೈದ್ಯರು ಇ.ಸಿ.ಟಿ. ಎನ್ನುತ್ತಾರೆ. ಇದನ್ನು ಮೊದಲು ಮಾಡಿದವರು ಇಟಲಿಯ ಚೆರ್ಲೆಟ್ಟಿ ಮತ್ತು ಬಿನಿ, 1938ರಲ್ಲಿ. ತೀವ್ರ ಖಿನ್ನತೆ, ಆತ್ಮಹತ್ಯೆಯ ಅಪಾಯ, ಅನ್ನ ನೀರು ಬಿಟ್ಟು ಅಲುಗಾಡದೆ ಕುಳಿತುಬಿಡುವ ಕೆಟಟೋನಿಯ, ಮಾತ್ರೆಗೆ ಜಗ್ಗದ ಉನ್ಮಾದ ಅಥವಾ ಸ್ಕಿಜೋಫ್ರೇನಿಯ, ಇಂತಹ ಸಂದರ್ಭಗಳಲ್ಲಿ ವೈದ್ಯರು ಇದನ್ನು ಸೂಚಿಸುತ್ತಾರೆ. ಸಿನಿಮಾದಲ್ಲಿ ತೋರಿಸುವಂತೆ ಎಚ್ಚರವಿರುವ ರೋಗಿಯನ್ನು ನಾಲ್ಕು ಜನ ಹಿಡಿದುಕೊಂಡು ಮಾಡುವ ಕೆಲಸ ಇದಲ್ಲ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಮದ್ದು ಕೊಟ್ಟ ನಂತರವೇ ಕೆಲವು ಸೆಕೆಂಡುಗಳ ಕಾಲ ವಿದ್ಯುತ್ ಹಾಯಿಸುತ್ತಾರೆ. ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲದಂತೆ ಒಟ್ಟು 6ರಿಂದ 12 ಸಲ ಬೇಕಾಗುತ್ತದೆ. ತಲೆನೋವು, ಆಚೀಚಿನ ದಿನಗಳ ನೆನಪು ಮಸುಕಾಗುವುದು ಇದರ ಸಾಮಾನ್ಯ ಅಡ್ಡಪರಿಣಾಮಗಳು.

ಇನ್ನು ಹಣದ ವಿಚಾರ. ಹಿಂದೆ ಹೆಚ್ಚಿನ ಆರೋಗ್ಯ ಪಾಲಿಸಿಗಳಲ್ಲಿ ಮಾನಸಿಕ ಕಾಯಿಲೆಯನ್ನು ಹೊರಗಿಡುತ್ತೇವೆ ಎಂಬ ಸಾಲು ಇರುತ್ತಿತ್ತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಇದನ್ನು ಬದಲಿಸಿತು. ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ದೇಹದ ಕಾಯಿಲೆಗೆ ಯಾವ ಆಧಾರದಲ್ಲಿ ವಿಮೆ ಕೊಡುತ್ತಾರೋ ಅದೇ ಆಧಾರದಲ್ಲಿ ಮನಸ್ಸಿನ ಕಾಯಿಲೆಗೂ ಕೊಡಬೇಕು ಎಂದು ಅದರ 21(4)ನೇ ಕಲಮು ಹೇಳುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಆಗಸ್ಟಿನಲ್ಲಿ ಕಂಪೆನಿಗಳಿಗೆ ಸುತ್ತೋಲೆ ಕಳಿಸಿತು. 2022ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ನೆನಪಿಸಬೇಕಾಯಿತು. ಎರಡನೆಯ ಸಲ ಹೇಳಬೇಕಾಗಿ ಬಂದದ್ದೇ ಕಂಪೆನಿಗಳ ಉತ್ಸಾಹ ಎಷ್ಟಿತ್ತೆಂದು ತಿಳಿಸುತ್ತದೆ. ನಡುವೆ 2021ರ ಏಪ್ರಿಲಿನಲ್ಲಿ ದೆಹಲಿ ಹೈಕೋರ್ಟ್, ಪಾಲಿಸಿಯ ಹಳೆಯ ಸಾಲನ್ನು ತೋರಿಸಿ ಮಾನಸಿಕ ರೋಗಿಯೊಬ್ಬರ ಕ್ಲೇಮು ತಿರಸ್ಕರಿಸಿದ ಕಂಪೆನಿಗೆ ಹಣ ಕೊಡಲೇಬೇಕೆಂದು ಆದೇಶಿಸಿತು.

ಹಾಗಾದರೆ ತೊಡಕು ಎಲ್ಲಿ? ಇ.ಸಿ.ಟಿ.ಗೆ ಬೆಳಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಬರಬಹುದು. ಆದರೆ ಸಾಮಾನ್ಯ ಪಾಲಿಸಿ ಹಣ ಕೊಡುವುದು 24 ಗಂಟೆ ಅಡ್ಮಿಟ್ ಆದವರಿಗೆ. ಇದಕ್ಕೆ ವಿನಾಯಿತಿ "ಡೇ ಕೇರ್" ಚಿಕಿತ್ಸೆ, ಅಂದರೆ ಅರಿವಳಿಕೆ ಕೊಟ್ಟು ಒಂದೇ ದಿನದಲ್ಲಿ ಮುಗಿಸುವಂಥದ್ದು. ಇ.ಸಿ.ಟಿ.ಗೂ ಅರಿವಳಿಕೆ ಬೇಕೇ ಬೇಕು. ಆದರೂ ಡೇ ಕೇರ್ ಪಟ್ಟಿ ಕಂಪೆನಿಯಿಂದ ಕಂಪೆನಿಗೆ ಬೇರೆಯಾಗುತ್ತದೆ. ಹೊರರೋಗಿ ಚಿಕಿತ್ಸೆ ಎಂದು ಬರೆದು ಕ್ಲೇಮು ತಳ್ಳಿಹಾಕುವ ಸಂಭವವಿದೆ. ಆದ್ದರಿಂದ ಮೊದಲ ಸಲಕ್ಕೆ ಮುಂಚೆಯೇ ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ವಿಚಾರಿಸಿ, ಕಂಪೆನಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ಏಜೆಂಟರ ಬಾಯಿಮಾತು ಸಾಲದು. ಅರಿವಳಿಕೆ ತಜ್ಞರ ಬಿಲ್ಲು, ಪ್ರತಿ ಸಲದ ದಾಖಲೆ, ಈ ಚಿಕಿತ್ಸೆ ಯಾಕೆ ಬೇಕಾಯಿತು ಎಂಬ ವೈದ್ಯರ ಚೀಟಿ, ಇವೆಲ್ಲವನ್ನೂ ಜೋಪಾನವಾಗಿಡಿ.

ಕಾಯಿಲೆ ಮೊದಲೇ ಇದ್ದರೆ ಪಾಲಿಸಿ ಮಾಡಿಸುವಾಗ ಹೇಳಬೇಕು. 2024ರ ನಿಯಮದಂತೆ ಅಂತಹ ಕಾಯಿಲೆಗೆ ಕಾಯುವ ಅವಧಿ 36 ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಮುಂದೆ ಅದೇ ಕಾರಣಕ್ಕೆ ಕ್ಲೇಮು ಬಿದ್ದುಹೋಗಬಹುದು. ಮದುವೆಯ ಮಾತುಕತೆಯಲ್ಲಿ ಮುಚ್ಚಿಡುವ ಅಭ್ಯಾಸ ವಿಮಾ ಅರ್ಜಿಯಲ್ಲೂ ಮುಂದುವರಿಯುತ್ತದೆ ಎನ್ನುವುದು ನಮ್ಮ ಕಡೆಯ ಕಷ್ಟ. ಮದ್ಯಪಾನ ಚಟದ ಚಿಕಿತ್ಸೆಯನ್ನು ಹೊರಗಿಡಲು ಮಾತ್ರ ಕಂಪೆನಿಗಳಿಗೆ ಈಗಲೂ ಅವಕಾಶವಿದೆ.

ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಯೋಜನೆ ಇದೆ. 2018ರ ಸೆಪ್ಟೆಂಬರ್ 23ರಂದು ಆರಂಭವಾದ ಇದರಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ. ಇದರ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಗಳ ವಿಭಾಗವಿದ್ದು ಇ.ಸಿ.ಟಿ.ಗೆ, ಅದಕ್ಕೆ ಮುಂಚಿನ ಪರೀಕ್ಷೆಗಳಿಗೆ ಬೇರೆ ಬೇರೆ ಪ್ಯಾಕೇಜ್ ಇಟ್ಟಿದ್ದಾರೆ. ಆದರೆ 2018ರ ಮೊದಲ ಪಟ್ಟಿಯಲ್ಲಿ ಈ ವಿಭಾಗವನ್ನು ಸರಕಾರಿ ಆಸ್ಪತ್ರೆಗಳಿಗೆ ಮೀಸಲಿಡಲಾಗಿತ್ತು. ಖಾಸಗಿ ಆಸ್ಪತ್ರೆಗೆ ಕಾರ್ಡು ಹಿಡಿದು ಹೋಗುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು. ಕೆಲವರು "ನಿರಾಮಯ" ವಿಮೆಯೂ ಇದಕ್ಕೇ ಎಂದುಕೊಂಡಿದ್ದಾರೆ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾತ್ರ.

ಗಡಿಯವರ ಪ್ರಶ್ನೆಯೇ ಬೇರೆ. ಕಾಸರಗೋಡಿನವರಿಗೆ ಕೋಝಿಕ್ಕೋಡಿಗಿಂತ ಮಂಗಳೂರು ಹತ್ತಿರ. ತಾಳವಾಡಿಯವರು ಚಾಮರಾಜನಗರ, ಮೈಸೂರಿಗೆ, ಹೊಸೂರಿನವರು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುತ್ತಾರೆ. ವೈದ್ಯರ ಮುಂದೆ ಮನಸ್ಸಿನ ಕಷ್ಟವನ್ನು ಮನೆಮಾತಿನಲ್ಲಿ ಹೇಳಿಕೊಳ್ಳಬಹುದು ಎನ್ನುವುದೂ ಒಂದು ಕಾರಣ. ಕೇಂದ್ರದ ಪಟ್ಟಿಯಲ್ಲಿ ಹೆಸರಿರುವ ಆಯುಷ್ಮಾನ್ ಕಾರ್ಡು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯುತ್ತದೆ. ಆದರೆ ಕೇರಳದ ಕಾರುಣ್ಯ, ತಮಿಳುನಾಡಿನ ಮುಖ್ಯಮಂತ್ರಿ ವಿಮೆ, ಮಹಾರಾಷ್ಟ್ರದ ಜ್ಯೋತಿರಾವ್ ಫುಲೆ ಯೋಜನೆ, ತೆಲಂಗಾಣದ ಆರೋಗ್ಯಶ್ರೀ, ಇವುಗಳಲ್ಲಿ ರಾಜ್ಯವೇ ತನ್ನ ಖರ್ಚಿನಲ್ಲಿ ಸೇರಿಸಿಕೊಂಡ ಕುಟುಂಬಗಳಿಗೆ ಆ ಸೌಲಭ್ಯ ಗಡಿ ದಾಟಿದ ಮೇಲೂ ಇರುತ್ತದೆಂದು ನಂಬಿ ಹೊರಡಬಾರದು. ನಿಮ್ಮ ಕಾರ್ಡು ಯಾವ ಬಗೆಯದು ಎಂದು 14555 ಸಂಖ್ಯೆಗೆ ಕರೆ ಮಾಡಿ ಕೇಳಬಹುದು.

ಒಪ್ಪಿಗೆಯ ಬಗ್ಗೆಯೂ ಒಂದು ಮಾತು. ಕಾಯ್ದೆಯ 95ನೇ ಕಲಮಿನಂತೆ ಅರಿವಳಿಕೆ ಇಲ್ಲದೆ ಇ.ಸಿ.ಟಿ. ಕೊಡುವುದು ನಿಷಿದ್ಧ. 18 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆಯ ಜೊತೆಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಯ ಪೂರ್ವಾನುಮತಿಯೂ ಬೇಕು.

ಖಾಸಗಿ ಪಾಲಿಸಿಯ ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪೆನಿಯ ದೂರು ಅಧಿಕಾರಿಗೆ ಬರೆಯಿರಿ. 21(4)ನೇ ಕಲಮನ್ನು ಪತ್ರದಲ್ಲಿ ಹೆಸರಿಸಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಕಾಣದಿದ್ದರೆ ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಕೇರಳದವರಿಗೆ ಕೊಚ್ಚಿ, ತಮಿಳುನಾಡಿನವರಿಗೆ ಚೆನ್ನೈ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಪುಣೆ, ಗೋವಾದವರಿಗೂ ಪುಣೆ, ಆಂಧ್ರ ಮತ್ತು ತೆಲಂಗಾಣದವರಿಗೆ ಹೈದರಾಬಾದಿನಲ್ಲಿ ಕಚೇರಿ ಇದೆ.