ಬೆಳಿಗ್ಗೆ ಸ್ಟಾರ್ಟ್ ಆಗದ ಔಟ್‌ಬೋರ್ಡ್ ಇಂಜಿನ್: ನೋಡಬೇಕಾದ್ದು ಹಿಂದಿನ ದಿನ ಸಂಜೆಯೇ, ಗೇಜ್ ಕೈಕೊಟ್ಟರೆ ಏನು ಮಾಡೋದು?

ಕುಂದಾಪುರ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ರಜೆ. ಈ 61 ದಿನಗಳ ನಿಷೇಧದಲ್ಲಿ 10 ಎಚ್‌ಪಿವರೆಗಿನ ಔಟ್‌ಬೋರ್ಡ್ ಹಾಕಿದ ನಾಡದೋಣಿಗಳಿಗೆ ವಿನಾಯಿತಿ ಇದೆ. ಅಂದರೆ ಕಡಲು ಕೆರಳಿರುವ ಹೊತ್ತಲ್ಲೇ ಈ ಸಣ್ಣ ಇಂಜಿನ್‌ಗಳಿಗೆ ಹೆಚ್ಚು ದುಡಿಮೆ. ಗಂಗೊಳ್ಳಿ, ಕೋಡಿ ಬೆಂಗ್ರೆಯಂಥ ಅಳಿವೆ ಬಾಯಲ್ಲಿ ಇಂಜಿನ್ ನಿಂತರೆ ಮತ್ತೆ ಹಗ್ಗ ಎಳೆಯಲು ಸಿಗೋದು ಕೆಲವೇ ಸೆಕೆಂಡ್. ಅಷ್ಟರಲ್ಲಿ ದೋಣಿ ಅಲೆಗೆ ಅಡ್ಡ ತಿರುಗಿರುತ್ತೆ.

ಕೋಲ್ಡ್ ಸ್ಟಾರ್ಟ್ ತೊಂದರೆ ಅಂದರೆ ಚಳಿಯಿಂದ ಬರೋದು ಅಂತ ಅಂದುಕೊಳ್ಳಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿ ಅಂಥ ಚಳಿ ಎಲ್ಲಿದೆ? ರಾತ್ರಿಯಿಡೀ ನಿಂತು ತಣ್ಣಗಾದ ಇಂಜಿನ್ ಮೊದಲ ಸಲ ಹೊತ್ತಿಕೊಳ್ಳದೇ ಇರೋದೇ ಸಮಸ್ಯೆ. ಇದಕ್ಕೆ ದೊಡ್ಡ ಕಾರಣ ಸೀಮೆಎಣ್ಣೆ.

ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿದ್ದರೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತೆ. ಸೀಮೆಎಣ್ಣೆಗೆ 35 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು. ಹಾಗಾಗಿ ಸೀಮೆಎಣ್ಣೆ ಇಂಜಿನ್‌ನ್ನೂ ಸ್ಟಾರ್ಟ್ ಮಾಡೋದು ಪೆಟ್ರೋಲ್‌ನಲ್ಲೇ. ಬಿಸಿಯಾದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಬದಲಾಯಿಸೋದು ಎಲ್ಲರಿಗೂ ಗೊತ್ತಿರೋದೇ. ಆದರೆ ವಾಪಸ್ ಬರುವಾಗ ನಿಲ್ಲಿಸೋ ಮೊದಲು ಮತ್ತೆ ಪೆಟ್ರೋಲ್‌ಗೆ ತಿರುಗಿಸೋದನ್ನು ಬಹಳ ಮಂದಿ ಬಿಟ್ಟುಬಿಡ್ತಾರೆ. ಪೆಟ್ರೋಲ್ ದುಬಾರಿ, ದಡ ಬಂದಾಯ್ತು, ಇನ್ಯಾಕೆ ಅನ್ನೋ ಲೆಕ್ಕ. ಆಗ ಕಾರ್ಬೊರೇಟರ್ ಬಟ್ಟಲಲ್ಲಿ ಸೀಮೆಎಣ್ಣೆಯೇ ಉಳಿಯುತ್ತೆ. ಮರುದಿನ ಬೆಳಿಗ್ಗೆ ಪೆಟ್ರೋಲ್ ಕಾಕ್ ತೆರೆದು ಎಷ್ಟೇ ಹಗ್ಗ ಎಳೆದರೂ ಮೊದಲು ಸಿಲಿಂಡರಿಗೆ ಹೋಗೋದು ಆ ಹಳೇ ಸೀಮೆಎಣ್ಣೆ. ಪ್ಲಗ್ ಒದ್ದೆಯಾಗುತ್ತೆ, ತೋಳು ಸೋಲುತ್ತೆ.

ಉಪಾಯ ಸುಲಭ. ವಾಪಸ್ ಬರುವಾಗ ಅಳಿವೆಗೆ ನುಗ್ಗುವ ಮೊದಲೇ ಪೆಟ್ರೋಲ್‌ಗೆ ತಿರುಗಿಸಬೇಕು. ಅಳಿವೆ ದಾಟಿ ದಡ ಸೇರುವಷ್ಟರಲ್ಲಿ ಬಟ್ಟಲಲ್ಲಿದ್ದ ಸೀಮೆಎಣ್ಣೆ ಉರಿದು ಮುಗಿದಿರುತ್ತೆ. ಹೊರಡುವಾಗಲೂ ಅಷ್ಟೇ, ಇಂಜಿನ್ ಚೆನ್ನಾಗಿ ಬಿಸಿಯಾಗಿ ಅಳಿವೆ ದಾಟುವ ತನಕ ಸೀಮೆಎಣ್ಣೆಗೆ ಹೋಗಬಾರದು. ಅರ್ಧ ಬಿಸಿಯಾದ ಇಂಜಿನ್ ಸೀಮೆಎಣ್ಣೆ ಕುಡಿದರೆ ನಡುವೆ ಕೆಮ್ಮಿ ನಿಲ್ಲುತ್ತೆ. ಉಳಿಸಿದ ಪೆಟ್ರೋಲಿನ ದುಡ್ಡಿಗೆ ಇದು ತೀರಾ ದೊಡ್ಡ ಅಪಾಯ.

ಮರೆತು ಸೀಮೆಎಣ್ಣೆಯಲ್ಲೇ ನಿಲ್ಲಿಸಿದ್ದರೆ? ಕಾರ್ಬೊರೇಟರ್ ಬಟ್ಟಲಿನ ಕೆಳಗೆ ಒಂದು ಸ್ಕ್ರೂ ಇರುತ್ತೆ. ಅದನ್ನು ಸಡಿಲಿಸಿ ಎಣ್ಣೆಯನ್ನು ಡಬ್ಬಿಗೆ ಇಳಿಸಿ, ಸ್ಕ್ರೂ ಬಿಗಿದು, ಪೆಟ್ರೋಲ್ ಪಂಪ್ ಮಾಡಬೇಕು. ಐದು ನಿಮಿಷದ ಕೆಲಸ. ಡಬ್ಬಿಗೆ ಇಳಿದ ಎಣ್ಣೆಯ ತಳದಲ್ಲಿ ನೀರಿನ ಗುಳ್ಳೆ ಕಂಡರೆ ಟ್ಯಾಂಕ್ ಮತ್ತು ಫಿಲ್ಟರ್ ಕೂಡ ತೊಳೀಬೇಕು. ಈಗ ಬಂಕಲ್ಲಿ ಸಿಗೋದು ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಅದು ಗಾಳಿಯ ತೇವ ಎಳೆದುಕೊಳ್ಳುತ್ತೆ. ತಿಂಗಳುಗಟ್ಟಲೆ ಟ್ಯಾಂಕಲ್ಲಿ ಬಿಟ್ಟ ಪೆಟ್ರೋಲ್ ಹಾಕಿ ಇಂಜಿನ್‌ಗೆ ಬೈದು ಪ್ರಯೋಜನವಿಲ್ಲ.

ಎಣ್ಣೆ ಸರಿ ಇದ್ದೂ ಸ್ಟಾರ್ಟ್ ಆಗದಿದ್ದರೆ ಬಿಚ್ಚೋ ಮೊದಲು ಸಣ್ಣ ವಿಷಯಗಳನ್ನು ನೋಡಿ. ಗೇರ್ ನ್ಯೂಟ್ರಲ್‌ನಲ್ಲಿದೆಯಾ, ಕೈಗೆ ಕಟ್ಟುವ ಕೆಂಪು ದಾರದ ಕ್ಲಿಪ್ ಸ್ವಿಚ್‌ನಲ್ಲಿ ಕೂತಿದೆಯಾ, ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯಾ. ಗಾಳಿ ಸ್ಕ್ರೂ ಮುಚ್ಚಿದ್ದರೆ ಇಂಜಿನ್ ಸ್ಟಾರ್ಟ್ ಆಗಿ ಸ್ವಲ್ಪ ದೂರ ಹೋಗಿ ನಿಲ್ಲುತ್ತೆ, ಪೈಪಿನ ರಬ್ಬರ್ ಬಲ್ಬ್ ಚಪ್ಪಟೆಯಾಗಿರುತ್ತೆ. ಬಲ್ಬ್ ಮೇಲಿನ ಬಾಣ ಇಂಜಿನ್ ಕಡೆಗಿರಬೇಕು. ಗಟ್ಟಿಯಾಗುವ ತನಕ ಅದನ್ನು ಒತ್ತಬೇಕು. ಎಷ್ಟು ಒತ್ತಿದರೂ ಗಟ್ಟಿ ಆಗ್ತಿಲ್ಲ ಅಂದ್ರೆ ಪೈಪ್ ಎಲ್ಲೋ ಗಾಳಿ ಎಳೀತಿದೆ, ಇಲ್ಲವೇ ಬಲ್ಬಿನ ವಾಲ್ವ್ ಹೋಗಿದೆ.

ಚೋಕ್ ಎಳೆದು, ಹಗ್ಗವನ್ನು ಮೆಲ್ಲಗೆ ಬಿಗಿ ಸಿಗುವವರೆಗೆ ಎಳೆದು, ಅಲ್ಲಿಂದ ಒಮ್ಮೆಲೇ ಎಳೆಯಬೇಕು. ಇಂಜಿನ್ ಹೊತ್ತಿಕೊಂಡ ಕೂಡಲೇ ಚೋಕ್ ಒಳಗೆ ತಳ್ಳಿ. ನಾಲ್ಕೈದು ಸಲ ಎಳೆದ ಮೇಲೆ ಪೆಟ್ರೋಲ್ ವಾಸನೆ ಬಂದರೆ ಇಂಜಿನ್ ಮುಳುಗಿದೆ ಅಂತಲೇ ಅರ್ಥ. ಆಗ ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಕೆಲವು ಸಲ ಎಳೀಬೇಕು. ಆಗಲೂ ಬಗ್ಗದಿದ್ದರೆ ಪ್ಲಗ್ ಬಿಚ್ಚಿ ಒಣಗಿಸಿ. ಸ್ಪಾರ್ಕ್ ಬರ್ತಿದೆಯಾ ಅಂತ ಪ್ಲಗ್ಗನ್ನು ಅದರ ತೂತಿನ ಹತ್ತಿರವೇ ಹಿಡಿದು ಪರೀಕ್ಷಿಸೋದು ಬೇಡ, ಅಲ್ಲಿಂದ ಬರೋದು ಪೆಟ್ರೋಲ್ ಆವಿ.

ಇನ್ನು ಗೇಜ್ ವಿಷಯ. ಸಣ್ಣ ಔಟ್‌ಬೋರ್ಡ್‌ಗಳಲ್ಲಿ ಮೀಟರ್ ಅನ್ನೋದೇ ಇಲ್ಲ. ಇಂಜಿನ್ ಹಿಂದಿನಿಂದ ಎಳೆಯಾಗಿ ಬರೋ ನೀರೇ ಟೆಂಪರೇಚರ್ ಗೇಜ್. ನೀರು ಬರ್ತಿಲ್ಲ ಅಂದ್ರೆ ತಕ್ಷಣ ಇಂಜಿನ್ ನಿಲ್ಲಿಸಿ, ಗಾಳದ ನೈಲಾನ್ ದಾರ ತೂರಿಸಿ ತೂತು ಬಿಡಿಸಿ ನೋಡಿ. ಮರಳು ಕಟ್ಟಿರುವುದೇ ಹೆಚ್ಚು. ತೂತು ಬಿಟ್ಟರೂ ನೀರಿಲ್ಲ ಅಂದರೆ ಕೆಳಗಿನ ನೀರು ಪಂಪಿನ ರಬ್ಬರ್ ಇಂಪೆಲ್ಲರ್ ಸವೆದಿರಬಹುದು. ಮನೆ ಅಂಗಳದಲ್ಲಿ ನೀರಿಲ್ಲದೆ ಸ್ಟಾರ್ಟ್ ಮಾಡಿ ನೋಡಿದರೆ ಈ ರಬ್ಬರ್ ಬೇಗ ಹಾಳಾಗುತ್ತೆ, ಡ್ರಮ್ಮಿನಲ್ಲಿ ನೀರು ತುಂಬಿ ಇಂಜಿನ್ ಕಾಲು ಮುಳುಗಿಸಿಯೇ ಪರೀಕ್ಷಿಸಬೇಕು. ಟ್ಯಾಂಕಿನ ಮುಚ್ಚಳದಲ್ಲಿರೋ ಎಣ್ಣೆ ಮುಳ್ಳನ್ನು ಪೂರ್ತಿ ನಂಬಬೇಡಿ. ಒಳಗಿನ ತೇಲುಬೆಂಡು ಅಂಟಿಕೊಂಡರೆ ಖಾಲಿ ಟ್ಯಾಂಕ್ ಕೂಡ ಅರ್ಧ ತೋರಿಸುತ್ತೆ. ಹೊರಡುವ ಮುಂಚೆ ಟ್ಯಾಂಕ್ ಎತ್ತಿ ಭಾರ ನೋಡೋದೇ ಒಳ್ಳೇದು.

ಸ್ಟೀರಿಂಗ್, ಬ್ಯಾಟರಿ ಇರುವ ದೊಡ್ಡ ಔಟ್‌ಬೋರ್ಡ್ ಹಾಕಿದ ಪ್ರವಾಸಿ ಬೋಟುಗಳ ಕತೆ ಬೇರೆ. ಎಲ್ಲ ಮೀಟರ್ ಒಟ್ಟಿಗೆ ಸತ್ತರೆ ಮೀಟರ್ ಬದಲಿಸೋದು ವ್ಯರ್ಥ. ಫ್ಯೂಸ್ ಅಥವಾ ಅರ್ತ್ ವೈರಿನ ತುದಿಗೆ ಉಪ್ಪು ಹಿಡಿದು ಹಸಿರುಗಟ್ಟಿರುತ್ತೆ. ಕೀ ತಿರುಗಿಸಿದಾಗ ಟಕ್ ಅಂತ ಸದ್ದಾಗಿ ಎಲ್ಲ ಮುಳ್ಳು ಸೊನ್ನೆಗೆ ಬಿದ್ದರೆ ಬ್ಯಾಟರಿ ಟರ್ಮಿನಲ್ ಬಿಚ್ಚಿ ಉಜ್ಜಿ. ಆರ್‌ಪಿಎಂ ಮುಳ್ಳು ಮಾತ್ರ ಕುಣೀತಿದ್ದರೆ ಇಂಜಿನ್ನಿನ ರೆಕ್ಟಿಫೈಯರ್‌ನಿಂದ ಬರೋ ವೈರ್ ನೋಡಬೇಕು. ಹೊಸ ಮೀಟರ್ ಹಾಕಿದ ಮೇಲೆ ಆರ್‌ಪಿಎಂ ತಪ್ಪು ತೋರಿಸಿದರೆ ಅದರ ಹಿಂದಿರುವ ಪುಟ್ಟ ಸೆಲೆಕ್ಟರನ್ನು ಇಂಜಿನ್‌ಗೆ ತಕ್ಕ ಅಂಕಿಗೆ ಇಟ್ಟಿಲ್ಲ ಅಂತ.

ಫ್ಯೂಯಲ್ ಗೇಜ್ ಪರೀಕ್ಷೆಗೆ ಟ್ಯಾಂಕ್ ಮೇಲಿನ ಸೆಂಡರ್ ವೈರ್ ಕಳಚಿ, ಕೀ ಆನ್ ಮಾಡಿ. ಮುಳ್ಳು ಖಾಲಿಗೆ ಹೋಗಬೇಕು. ಕೀ ಆಫ್ ಮಾಡಿ, ಅದೇ ವೈರನ್ನು ಅರ್ತ್‌ಗೆ ಭದ್ರವಾಗಿ ಸೇರಿಸಿ, ಮತ್ತೆ ಆನ್ ಮಾಡಿದರೆ ಫುಲ್‌ಗೆ ಏರಬೇಕು. ಖಾಲಿಗೆ 240 ಓಮ್, ಫುಲ್‌ಗೆ 33 ಓಮ್ ಇರುವ ಸೆಂಡರ್‌ಗಳಿಗೆ ಈ ಲೆಕ್ಕ, ಯುರೋಪಿನ ಕೆಲವು ಗೇಜ್‌ಗಳಲ್ಲಿ ಇದು ಉಲ್ಟಾ. ವೈರ್ ಸೇರಿಸುವಾಗ, ಬಿಡಿಸುವಾಗ ಕಿಡಿ ಹಾರಬಹುದು. ಎಣ್ಣೆ ವಾಸನೆ ಬರ್ತಿದ್ದರೆ ಗಾಳಿ ಆಡುವ ತನಕ ಆ ಕೆಲಸಕ್ಕೆ ಕೈ ಹಾಕಬೇಡಿ. ಮುಳ್ಳು ಎರಡೂ ಕಡೆ ಸರಿ ಓಡಿದರೆ ಕೆಟ್ಟಿರೋದು ಸೆಂಡರ್ ಅಥವಾ ಅದರ ಅರ್ತ್, ಮೀಟರ್ ಅಲ್ಲ.