ಅಂಗಡಿಯ ಮೇಲಿನ ಧ್ವನಿಶಾಲೆ

ಮನೆಯಲ್ಲೇ ಸಂಗೀತವನ್ನು ಮುದ್ರಿಸಿ, ಅದಕ್ಕೆ ಸ್ಟುಡಿಯೊದ ಮೆರುಗು ಕೊಡಲು ಹೊರಟ ಮೊದಲ ತಲೆಮಾರಿನವರಿಗೆ ಯಂತ್ರಗಳ ಕೊರತೆಗಿಂತ ಹೆಚ್ಚಾಗಿ ಕಾಡಿದ್ದು ಕೋಣೆಯ ಇಕ್ಕಟ್ಟು. ದೊಡ್ಡ ಸಭಾಂಗಣದಲ್ಲಿ ಗೋಡೆ, ಛಾವಣಿಗಳಿಗೆ ತಾಗಿ ಮರಳುವ ಅಸಂಖ್ಯ ಪ್ರತಿಫಲನಗಳು ಒಂದರೊಳಗೊಂದು ಬೆರೆತು, ಮೂಲಧ್ವನಿ ನಿಂತ ಮೇಲೂ ಕೆಲಹೊತ್ತು ಉಳಿಯುತ್ತವೆ. ಅನುರಣನವೆನ್ನುವ ಈ ಗುಣ ಪರದೆ, ಹಾಸಿಗೆಗಳಿಂದ ತುಂಬಿದ ಪುಟ್ಟ ಕೋಣೆಯಲ್ಲಿ ದಕ್ಕದು, ಹಾಗಾಗಿ ಅಲ್ಲಿ ಹಾಡಿದ ದನಿ ಬೋಳುಬೋಳಾಗಿ ಕೇಳುತ್ತದೆ.

ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1940ರ ದಶಕದಲ್ಲಿ ಹಾಲಿವುಡ್‌ನ ತಮ್ಮ ಮನೆಯ ಗ್ಯಾರೇಜಿನಲ್ಲಿ, ಒಂದು ತಟ್ಟೆಯಲ್ಲಿ ಮುದ್ರಿತವಾದುದರ ಜೊತೆಗೂಡಿ ನುಡಿಸಿ ಎರಡನ್ನೂ ಮತ್ತೊಂದು ತಟ್ಟೆಗೆ ಇಳಿಸುತ್ತ, ಪದರದ ಮೇಲೆ ಪದರ ಕಟ್ಟುವ ವಿಧಾನವನ್ನು ಬೆಳೆಸಿದರು. ಟೇಪ್ ಬಂದ ಮೇಲೆ, ಧ್ವನಿಯನ್ನು ಬರೆಯುವ ಹೆಡ್‌ಗೂ ಅದನ್ನು ಓದುವ ಹೆಡ್‌ಗೂ ನಡುವಿನ ಅಂತರವನ್ನು ಟೇಪು ದಾಟುವಷ್ಟರಲ್ಲಿ ಆಗುವ ತಡವೇ ಪ್ರತಿಧ್ವನಿಗೆ ಸಾಧನವಾಯಿತು. ಆದರೆ ಅನುರಣನ ದುಬಾರಿಯಾಗಿಯೇ ಉಳಿಯಿತು: 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ತಂದ, ಉಕ್ಕಿನ ಹಾಳೆಯನ್ನು ಕಂಪಿಸಿ ಆ ಪರಿಣಾಮ ಕೊಡುವ ಉಪಕರಣ ಸುಮಾರು 270 ಕಿಲೋ ತೂಗುತ್ತಿತ್ತು; ಅದು ಮನೆಯ ಮಹಡಿ ಹತ್ತುವ ವಸ್ತುವಾಗಿರಲಿಲ್ಲ.

ಈ ಹಿನ್ನೆಲೆಯಲ್ಲಿ ಬ್ರಿಟನ್ನಿನ ಧ್ವನಿಮುದ್ರಣ ತಂತ್ರಜ್ಞ ಜೋ ಮೀಕ್ ಅವರ ಸಾಧನೆಯನ್ನು ಅಳೆಯಬೇಕು. ಲಂಡನ್ನಿನ 304, ಹಾಲೊವೇ ರಸ್ತೆಯಲ್ಲಿ, ಚರ್ಮದ ಸಾಮಾನುಗಳ ಅಂಗಡಿಯ ಮೇಲಿನ ಬಾಡಿಗೆ ಮನೆಯನ್ನೇ ಅವರು ಸ್ಟುಡಿಯೊ ಮಾಡಿಕೊಂಡಿದ್ದರು. ನುಣುಪು ಗೋಡೆಯ ಬಚ್ಚಲುಮನೆ ಪ್ರತಿಧ್ವನಿಯ ಕೋಣೆಯಾಯಿತು. ಕೈಯಾರೆ ಕಟ್ಟಿದ ಪೆಟ್ಟಿಗೆಯೊಳಗಿನ ಸ್ಪ್ರಿಂಗ್ ಅನುರಣನ ನೀಡಿತು. ಜೋರಾದ ಮತ್ತು ಮೆಲುವಾದ ಧ್ವನಿಗಳ ನಡುವಿನ ಅಂತರವನ್ನು ಕುಗ್ಗಿಸುವ ಕಂಪ್ರೆಷನ್ ತಂತ್ರವನ್ನು ಇತರ ತಂತ್ರಜ್ಞರು ಹದವಾಗಿ ಬಳಸುತ್ತಿದ್ದರೆ, ಮೀಕ್ ಅದನ್ನು ಹಾಡಿನ ಮೈಕಟ್ಟಾಗುವಷ್ಟು ಗಾಢವಾಗಿ ಬಳಸಿದರು. ಉಪಗ್ರಹವೊಂದರ ಹೆಸರು ಹೊತ್ತ, ಟೊರ್ನೇಡೋಸ್ ತಂಡದ 'ಟೆಲ್‌ಸ್ಟಾರ್' 1962ರಲ್ಲಿ ಇದೇ ಮನೆಯಿಂದ ಹೊರಟು ಬ್ರಿಟನ್, ಅಮೆರಿಕಗಳೆರಡರಲ್ಲೂ ಮೊದಲ ಸ್ಥಾನಕ್ಕೇರಿತು. ಅದರಲ್ಲಿ ಕೇಳುವ ಬಾಹ್ಯಾಕಾಶದ ವಿಸ್ತಾರವೆಲ್ಲ ಆ ಇಕ್ಕಟ್ಟಿನ ಕೋಣೆಗಳಲ್ಲಿ ಕಟ್ಟಿದ್ದು ಎಂಬುದು ಇಂದಿಗೂ ಬೆರಗು ಹುಟ್ಟಿಸುವ ಸಂಗತಿ.

1964ರ ಹನಿಕೋಂಬ್ಸ್ ತಂಡದ 'ಹ್ಯಾವ್ ಐ ದ ರೈಟ್' ಹಾಡಿನಲ್ಲಿ ಮೀಕ್ ಇನ್ನೂ ಮುಂದೆ ಹೋದರು. ತಾಳಕ್ಕೆ ತೂಕ ಸಾಲದೆಂದು ವಾದಕರನ್ನು ಮನೆಯ ಮರದ ಮೆಟ್ಟಿಲ ಮೇಲೆ ಒಟ್ಟಾಗಿ ಕಾಲು ಅಪ್ಪಳಿಸುವಂತೆ ಮಾಡಿ, ಮೆಟ್ಟಿಲಿಗೇ ಸಿಕ್ಕಿಸಿದ ಮೈಕುಗಳಿಂದ ಆ ಸದ್ದನ್ನು ಹಿಡಿದು ಡೋಲಿನ ಜೊತೆ ಬೆರೆಸಿದಾಗ, ಕೊರತೆಯೆನಿಸಿದ್ದ ಮನೆಯೇ ವಾದ್ಯವಾಗಿತ್ತು.