ಮತ್ತೆ ಮತ್ತೆ ಕೇಳಿದ ಸುಳ್ಳು ನಿಜ ಅನಿಸುವುದೇಕೆ?

2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಓಡಾಡಿದ ಒಂದು ಮೆಸೇಜ್ ನಿಮಗೂ ನೆನಪಿರಬಹುದು. ಹೊಸ 2000 ರೂಪಾಯಿ ನೋಟಿನಲ್ಲಿ ನ್ಯಾನೋ ಜಿಪಿಎಸ್ ಚಿಪ್ ಇದೆ, 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹ ಅದನ್ನು ಪತ್ತೆ ಹಚ್ಚುತ್ತದೆ ಎಂಬ ಸುದ್ದಿ. ಜಿಪಿಎಸ್ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಗೊತ್ತಿದ್ದರೂ ಇದು ಆಗದ ಮಾತು ಎಂದು ತಿಳಿಯುತ್ತದೆ. ಜಿಪಿಎಸ್ ಉಪಗ್ರಹ ಸಂಕೇತ ಕಳಿಸುತ್ತದೆ ಅಷ್ಟೇ, ಕೆಳಗೆ ಯಾರು ಎಲ್ಲಿದ್ದಾರೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಆ ಸಂಕೇತ ಹಿಡಿದು, ಸ್ಥಳ ಲೆಕ್ಕ ಹಾಕಿ, ಬೇರೆಯವರಿಗೆ ತಿಳಿಸಬೇಕಾದರೆ ಬ್ಯಾಟರಿ ಬೇಕು, ಆಂಟೆನಾ ಬೇಕು. ನೆಲಮಾಳಿಗೆಯ ಪಾರ್ಕಿಂಗ್‌ಗೆ ಇಳಿದರೆ ನಮ್ಮ ಫೋನಿನ ಮ್ಯಾಪೇ ತಡವರಿಸುತ್ತದೆ, ಇನ್ನು 120 ಮೀಟರ್ ಮಣ್ಣಿನಡಿಯ ನೋಟಿನ ಮಾತೇನು!

ಆದರೂ ನಂಬಿದೆವು. 'ನಂಬಿದೆವು' ಎಂದು ಬೇಕೆಂದೇ ಬರೆದಿದ್ದೇವೆ. ಆಗ ಕಾಲೇಜಿನಲ್ಲಿದ್ದ ನಮ್ಮಲ್ಲಿ ಕೆಲವರು ನೋಟನ್ನು ಬೆಳಕಿಗೆ ಹಿಡಿದು ಚಿಪ್ ಹುಡುಕಿದ್ದುಂಟು. ಮೊದಲ ಸಲ ಮೆಸೇಜ್ ಬಂದಾಗ ನಕ್ಕಿದ್ದೆವು. ಆಮೇಲೆ ಚಿಕ್ಕಪ್ಪ ಕಳಿಸಿದರು, ಹಾಸ್ಟೆಲ್ ಗುಂಪಿನಲ್ಲಿ ಬಂತು, ಟಿವಿಯಲ್ಲೂ ಹೇಳಿದರು. ನಾಲ್ಕನೇ ಸಲಕ್ಕೆ 'ಇದ್ದರೂ ಇರಬಹುದು' ಅನಿಸಿತು. ಈ ನಡುವೆ ಹೊಸ ಪುರಾವೆ ಒಂದೂ ಬಂದಿರಲಿಲ್ಲ. ಬಂದಿದ್ದು ಅದೇ ಮಾತು, ಇನ್ನೊಮ್ಮೆ.

ಮನಃಶಾಸ್ತ್ರಜ್ಞರು ಇದನ್ನು 'ಇಲ್ಯೂಸರಿ ಟ್ರೂತ್ ಎಫೆಕ್ಟ್' ಎಂದು ಕರೆಯುತ್ತಾರೆ. ಕನ್ನಡದಲ್ಲಿ 'ಸತ್ಯಭ್ರಮೆ' ಎನ್ನೋಣ. ಒಂದು ಹೇಳಿಕೆಯನ್ನು ಮೊದಲೇ ಕೇಳಿದ್ದರೆ, ಅಷ್ಟೇ ಕಾರಣಕ್ಕೆ ಅದು ಹೆಚ್ಚು ನಿಜ ಅನಿಸುವುದು ಇದರ ಲಕ್ಷಣ.

ಮೊದಲು ಪತ್ತೆಯಾದದ್ದು ಹೇಗೆ?

1977ರಲ್ಲಿ ಅಮೆರಿಕದ ಲಿನ್ ಹ್ಯಾಶರ್, ಡೇವಿಡ್ ಗೋಲ್ಡ್‌ಸ್ಟೀನ್ ಮತ್ತು ಥಾಮಸ್ ಟೊಪಿನೊ ಎಂಬ ಸಂಶೋಧಕರು ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ 60 ಹೇಳಿಕೆಗಳನ್ನು ಕೊಟ್ಟು, ಪ್ರತಿಯೊಂದೂ ಎಷ್ಟು ನಿಜ ಅನಿಸುತ್ತದೆ ಎಂದು 1ರಿಂದ 7ರವರೆಗೆ ಅಂಕ ಹಾಕಲು ಹೇಳಿದರು. ಎರಡೆರಡು ವಾರ ಬಿಟ್ಟು ಹೀಗೆ ಮೂರು ಸಲ ನಡೆಯಿತು. ಪ್ರತಿ ಸಲವೂ 60ರಲ್ಲಿ 20 ಹೇಳಿಕೆಗಳು ಹಳೆಯವೇ, ಉಳಿದವು ಹೊಸವು. ಹಳೆಯವುಗಳ ಸರಾಸರಿ ಅಂಕ ಮೊದಲ ಸಲ 4.2 ಇದ್ದದ್ದು 4.6ಕ್ಕೆ, ನಂತರ 4.7ಕ್ಕೆ ಏರಿತು. ಹೊಸ ಹೇಳಿಕೆಗಳಲ್ಲಿ ಈ ಏರಿಕೆ ಕಾಣಲಿಲ್ಲ.

ಏರಿದ್ದು ಇಷ್ಟೇನಾ ಅನಿಸಬಹುದು. ಆದರೆ ಗಮನಿಸಿ, ಅಲ್ಲಿ ಯಾರೂ ವಾದ ಮಾಡಲಿಲ್ಲ, ಪುರಾವೆ ತೋರಿಸಲಿಲ್ಲ, 'ಎಲ್ಲರಿಗೂ ಶೇರ್ ಮಾಡಿ' ಎನ್ನಲೂ ಇಲ್ಲ. ಎರಡು ವಾರಕ್ಕೊಮ್ಮೆ ಓದಿಸಿದರು, ಅಷ್ಟೇ.

ಇದರ ಹಿಂದಿನ ಕಾರಣವೆಂದು ಹೆಚ್ಚಿನ ಸಂಶೋಧಕರು ಹೇಳುವುದು ಓದಿನ ಸಲೀಸನ್ನು. ಎರಡನೇ ಸಲ ಓದುವ ವಾಕ್ಯ ಮೊದಲಿಗಿಂತ ಸುಲಭವಾಗಿ ತಲೆಗೆ ಹೋಗುತ್ತದೆ. ಸುಲಭವಾಗಿ ಹೋದದ್ದನ್ನು ಮಿದುಳು 'ಇದು ಗೊತ್ತಿರುವ ವಿಷಯ' ಎಂದು ಭಾವಿಸುತ್ತದೆ. ದಿನಾ ಬಸ್‌ಸ್ಟಾಪಿನಲ್ಲಿ ನೋಡುವ ಮುಖ ನಮಗೆ ಪರಿಚಯದವರಂತೆ ಕಾಣುತ್ತದಲ್ಲ, ಹಾಗೆ. 1999ರಲ್ಲಿ ರೋಲ್ಫ್ ರೆಬರ್ ಮತ್ತು ನಾರ್ಬರ್ಟ್ ಶ್ವಾರ್ಜ್ ಇದನ್ನು ಇನ್ನೊಂದು ರೀತಿಯಲ್ಲಿ ತೋರಿಸಿದರು. ಇಂಥ ಊರು ಇಂಥ ದೇಶದಲ್ಲಿದೆ ಎಂಬಂಥ ವಾಕ್ಯಗಳನ್ನು ಎದ್ದು ಕಾಣುವ ಬಣ್ಣದಲ್ಲಿ ಬರೆದಾಗ, ಮಸುಕಾಗಿ ಬರೆದದ್ದಕ್ಕಿಂತ ತುಸು ಹೆಚ್ಚು ಜನ ಅವನ್ನು ನಿಜ ಎಂದರು. ಊರು ಅದೇ, ದೇಶ ಅದೇ, ಓದಲು ಸುಲಭ ಎಂಬುದಷ್ಟೇ ವ್ಯತ್ಯಾಸ.

ಇದು ಮಿದುಳಿನ ದೋಷವೇ ಎಂದರೆ, ಹಾಗೇನಿಲ್ಲ. ದಿನಬಳಕೆಯಲ್ಲಿ ನಾವು ಪದೇ ಪದೇ ಕೇಳುವ ಮಾತುಗಳಲ್ಲಿ ಹೆಚ್ಚಿನವು ನಿಜವೇ ಆಗಿರುತ್ತವೆ. ಎಲ್ಲವನ್ನೂ ಪರೀಕ್ಷಿಸುತ್ತಾ ಕೂತರೆ ಬೆಳಗಿನ ಕಾಫಿಯೂ ಆಗದು. ಪಂಚತಂತ್ರದಲ್ಲಿ ಮೇಕೆಯನ್ನು ಹೆಗಲ ಮೇಲೆ ಹೊತ್ತು ನಡೆದ ಬ್ರಾಹ್ಮಣನ ಕಥೆ ಗೊತ್ತಲ್ಲ? ಮೂವರು ಠಕ್ಕರು ಒಬ್ಬರಾದ ಮೇಲೊಬ್ಬರು ಎದುರು ಬಂದು 'ನಾಯಿಯನ್ನೇಕೆ ಹೊತ್ತಿದ್ದೀರಿ' ಎಂದು ಕೇಳುತ್ತಾರೆ, ಕೊನೆಗೆ ಆತ ಮೇಕೆಯನ್ನು ಇಳಿಸಿ ಹೋಗುತ್ತಾನೆ. ಮೂವರೂ ಮೊದಲೇ ಮಾತಾಡಿಕೊಂಡಿದ್ದರು ಎಂಬುದು ಅವನಿಗೆ ತಿಳಿದಿರಲಿಲ್ಲ. ಮೂರು ಗುಂಪುಗಳಲ್ಲಿ ಬರುವ ಒಂದೇ ಫಾರ್ವರ್ಡ್ ಕೂಡ ಮೂವರು ಹೇಳಿದಂತೆಯೇ ಕಾಣುತ್ತದೆ, ಹುಟ್ಟಿದ್ದು ಒಂದೇ ಕಡೆಯಾದರೂ.

ಓದಿದವರಿಗೆ ಹೀಗಾಗುವುದಿಲ್ಲವೇ?

ಆಗುತ್ತದೆ. 2015ರಲ್ಲಿ ಲೀಸಾ ಫೇಜಿಯೊ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಹೇಳಿಕೆ ಹೀಗಿತ್ತು: ಸ್ಕಾಟ್ಲೆಂಡಿನವರು ತೊಡುವ ನೆರಿಗೆಯ ಗಿಡ್ಡ ಲಂಗದ ಹೆಸರು ಸೀರೆ. ನಮಗೆ ನಗು ಬರುತ್ತದೆ. ಆ ಉಡುಪಿನ ಹೆಸರು ಕಿಲ್ಟ್. ಸರಿಯುತ್ತರ ಗೊತ್ತಿದ್ದವರೂ ಇಂಥ ಹೇಳಿಕೆಗಳನ್ನು ಎರಡನೇ ಸಲ ಓದಿದಾಗ ಹೆಚ್ಚು ಅಂಕ ಕೊಟ್ಟರು. ಅವರು ಅದನ್ನು ಪೂರ್ತಿ ನಂಬಿಬಿಟ್ಟರು ಎಂದಲ್ಲ. ಗೊತ್ತಿದ್ದದ್ದನ್ನು ನೆನಪಿಗೆ ತಂದುಕೊಳ್ಳುವ ಮೊದಲೇ ಪರಿಚಿತ ಅನ್ನುವ ಭಾವನೆ ಕೆಲಸ ಮಾಡಿತ್ತು. ಇದಕ್ಕೂ ಒಂದು ಮಿತಿಯಿದೆ. 2018ರಲ್ಲಿ ಗಾರ್ಡನ್ ಪೆನಿಕುಕ್ ಮತ್ತು ಸಂಗಡಿಗರು, ಸುಳ್ಳು ಸುದ್ದಿಯ ತಲೆಬರಹವನ್ನು ಒಮ್ಮೆ ನೋಡಿದರೂ ಮುಂದಿನ ಸಲ ಅದು ಹೆಚ್ಚು ನಂಬುವಂತೆ ಕಾಣುತ್ತದೆ ಎಂದು ತೋರಿಸಿದರು. ಆದರೆ ಭೂಮಿ ಚೌಕಾಕಾರವಾಗಿದೆ ಎಂಬಂಥ ಮಾತಿಗೆ ಪುನರಾವರ್ತನೆಯಿಂದ ಏನೂ ಲಾಭವಾಗಲಿಲ್ಲ.

ಅಂದಹಾಗೆ, ಸುಳ್ಳನ್ನು ಮತ್ತೆ ಮತ್ತೆ ಹೇಳಿದರೆ ಅದೇ ಸತ್ಯವಾಗುತ್ತದೆ ಎಂಬ ಮಾತನ್ನು ಹಿಟ್ಲರನ ಪ್ರಚಾರ ಸಚಿವ ಗೋಬೆಲ್ಸ್ ಹೇಳಿದ್ದಾನೆ ಎಂದು ಭಾಷಣಗಳಲ್ಲಿ ಕೇಳುತ್ತಿರುತ್ತೇವೆ. ಅವನು ಹಾಗೆ ಹೇಳಿದ್ದಕ್ಕೆ ನಂಬಬಹುದಾದ ದಾಖಲೆ ಸಿಕ್ಕಿಲ್ಲ. ಪದೇ ಪದೇ ಕೇಳಿ ನಾವೆಲ್ಲ ನಂಬಿದ್ದೇವೆ!

ಪ್ರಾಣ ಹೋದಾಗ

ನೋಟಿನ ಚಿಪ್ ನಗುವ ವಿಷಯ. 2018ರ 'ಮಕ್ಕಳ ಕಳ್ಳರು ಬಂದಿದ್ದಾರೆ' ಮೆಸೇಜ್‌ಗಳು ಹಾಗಲ್ಲ. ಆಗ ಹರಿದಾಡಿದ ಒಂದು ವಿಡಿಯೊದಲ್ಲಿ ಬೈಕಿನಲ್ಲಿ ಬಂದ ಇಬ್ಬರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಅರಿವು ಮೂಡಿಸಲು ಮಾಡಿದ ಚಿತ್ರ. ಮಗುವನ್ನು ವಾಪಸ್ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಹೀಗೆಯೇ ಸತ್ತರು. ಅವರ ಜೊತೆಗಿದ್ದವರು ಮಾಡಿದ ತಪ್ಪೆಂದರೆ ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ವಾರಗಟ್ಟಲೆ ಅದೇ ಮೆಸೇಜ್ ಓದಿದ್ದವರ ಕಣ್ಣಿಗೆ ಆ ಚಾಕೊಲೇಟ್ ಏನಾಗಿ ಕಂಡಿರಬಹುದು ಎಂದು ಊಹಿಸಬಹುದು. ಗುಂಪು ಕಟ್ಟಿ ಕೊಲ್ಲುವುದಕ್ಕೆ ಸತ್ಯಭ್ರಮೆಯೊಂದೇ ಕಾರಣ ಎಂದು ನಾವು ಹೇಳುತ್ತಿಲ್ಲ. ಭಯ, ಅಪರಿಚಿತರ ಮೇಲಿನ ಅನುಮಾನ ಎಲ್ಲವೂ ಇದ್ದವು.

ಆ ಜುಲೈನಲ್ಲೇ ವಾಟ್ಸ್ಆ್ಯಪ್ 'ಫಾರ್ವರ್ಡೆಡ್' ಎಂಬ ಗುರುತು ತಂದಿತು, ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಕಳಿಸುವ ಮಿತಿಯನ್ನೂ ಹಾಕಿತು. 2020ರ ಏಪ್ರಿಲ್‌ನಲ್ಲಿ, ತುಂಬಾ ಸಲ ಫಾರ್ವರ್ಡ್ ಆದ ಮೆಸೇಜನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸುವಂತಾಯಿತು. ಎರಡು ಬಾಣದ ಗುರುತು ಕಂಡರೆ ಅದು ಬಹಳ ಕೈ ದಾಟಿ ಬಂದಿದೆ ಎಂದರ್ಥ, ಯಾರೋ ಪರಿಶೀಲಿಸಿದ್ದಾರೆ ಎಂದಲ್ಲ.

ಏನು ಮಾಡಬಹುದು?

ನಾಡ್ಯಾ ಬ್ರಾಷಿಯರ್ ಮತ್ತು ಸಂಗಡಿಗರ 2020ರ ಅಧ್ಯಯನ ಒಂದು ಸುಲಭ ದಾರಿ ತೋರಿಸಿದೆ. ಹೇಳಿಕೆಯನ್ನು ಮೊದಲ ಸಲ ಓದುವಾಗಲೇ 'ಇದು ನಿಜವೇ?' ಎಂದು ಕೇಳಿಕೊಂಡವರಲ್ಲಿ, ಸರಿಯುತ್ತರ ಅವರಿಗೆ ಗೊತ್ತಿದ್ದ ಪಕ್ಷದಲ್ಲಿ, ಸತ್ಯಭ್ರಮೆ ಕಾಣಿಸಲಿಲ್ಲ. ಗೊತ್ತಿಲ್ಲದ ವಿಷಯಕ್ಕೆ ಈ ಪ್ರಶ್ನೆಯೊಂದೇ ಸಾಲದು, ಹುಡುಕಿಯೇ ನೋಡಬೇಕು.

ಮನೆಯ ಗುಂಪಿನಲ್ಲಿ ಹಿರಿಯರು ಕಳಿಸಿದ್ದನ್ನು ತಿದ್ದುವುದು ಇನ್ನೊಂದು ಕಷ್ಟ. ಸುಳ್ಳನ್ನು ಅಲ್ಲಗಳೆಯಲು ಹೋಗಿ ಅದನ್ನೇ ಮತ್ತೆ ಹೇಳಿದರೆ ಇನ್ನಷ್ಟು ಗಟ್ಟಿಯಾಗುತ್ತದೆ ಎಂಬ ಭಯ ಒಂದು ಕಾಲದಲ್ಲಿತ್ತು. ನಂತರದ ಅಧ್ಯಯನಗಳು ಆ ಭಯ ಅತಿಯಾಯಿತು ಎಂದಿವೆ, ಹಾಗಾಗಿ ಸುಮ್ಮನಿರಬೇಕಿಲ್ಲ. ಆದರೂ ನಿಜವನ್ನು ಮೊದಲು ಹೇಳಿ, ಸುಳ್ಳನ್ನು ಒಮ್ಮೆ ಮಾತ್ರ ಹೆಸರಿಸಿ, ಅದೇಕೆ ತಪ್ಪು ಎಂದು ತಿಳಿಸಿ, ಕೊನೆಗೆ ನಿಜಕ್ಕೆ ಮರಳುವುದು ಒಳ್ಳೆಯದು ಎಂಬುದು ತಜ್ಞರ ಸಲಹೆ.

2000 ರೂಪಾಯಿ ನೋಟನ್ನು ಹಿಂಪಡೆಯುವುದಾಗಿ ರಿಸರ್ವ್ ಬ್ಯಾಂಕ್ 2023ರ ಮೇ 19ರಂದು ಪ್ರಕಟಿಸಿತು. ಚಿಪ್ಪಿನ ಕಥೆಯನ್ನು ಮಾತ್ರ ಯಾರೂ ಹಿಂಪಡೆದಿಲ್ಲ. ನಮ್ಮಲ್ಲೊಬ್ಬರು ತಮ್ಮ ಚಿಕ್ಕಪ್ಪನಿಗೆ ಬರೆದ ಉತ್ತರ ಹೀಗಿತ್ತು: "ಚಿಕ್ಕಪ್ಪ, ಆ ನೋಟಿನಲ್ಲಿ ಇದ್ದದ್ದು ಓರೆ ಮಾಡಿದರೆ ಹಸಿರಿನಿಂದ ನೀಲಿಗೆ ತಿರುಗುವ ಭದ್ರತಾ ಎಳೆ. ಚಿಪ್ ಅನ್ನುವ ಮೆಸೇಜ್ ಸುಳ್ಳು, ಬ್ಯಾಟರಿ ಇಲ್ಲದೆ ಅದು ಎಲ್ಲಿಗೂ ಸುದ್ದಿ ಕಳಿಸಲಾರದು. ಹಳೇ ನೋಟು ಎಲ್ಲಾದರೂ ಉಳಿದಿದ್ದರೆ ಓರೆ ಮಾಡಿ ನೋಡಿ, ಎಳೆಯ ಬಣ್ಣ ಬದಲಾಗುತ್ತದೆ."